ಸೂತಕವಿಲ್ಲವೆಂದ ಮೇಲೆ

ಸಾವು ಸಂಭವಿಸಿದ ಮನೆಯು ಮೈಲಿಗೆಯ ಮನೆಯಲ್ಲವೆಂದು ಶಿವಶರಣರು ಸಾರಿ ಎಂಟುನೂರು ವರ್ಷಗಳಿಗೂ ಮಿಕ್ಕಿ ಕಾಲ ಸಂದಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ವೀರಶೈವ ಧರ್ಮದ ಪ್ರಸಿದ್ಧವಾದ ನಿರ್ಣಯ. ಇದನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಪಾಠಶಾಲೆಗಳಲ್ಲಿ ಹೇಳಿಕೊಡುತ್ತಲೂ ಇದ್ದೇವೆ. ಆದರೆ ಒಂದು ಸಿದ್ಧಾಂತವನ್ನು ಬಲ್ಲೆವೆನ್ನುವುದಕ್ಕೂ, ಆ ಸಿದ್ಧಾಂತವು ನಮ್ಮಿಂದ ಏನನ್ನು ಬೇಡುತ್ತದೆಂಬುದನ್ನು ಬಲ್ಲೆವೆನ್ನುವುದಕ್ಕೂ ಬಹಳ ಅಂತರವುಂಟು. ಸೂತಕವಿಲ್ಲವೆಂದ ಮೇಲೆ ಆ ಮನೆಯ ಹೊಸ್ತಿಲನ್ನು ದಾಟಲು ನಮಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿಯಿಲ್ಲದಿದ್ದರೂ ದಾಟದೆ ನಿಲ್ಲುವೆವಾದರೆ, ನಮ್ಮನ್ನು ತಡೆಯುತ್ತಿರುವುದು ಯಾವುದು? ವಿಶೇಷವಾಗಿ, ಆ ಮನೆಯಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಎಳೆಯ ಮಕ್ಕಳಿರುವಾಗ ನಮ್ಮ ಕರ್ತವ್ಯವೇನು? ಈ ಪ್ರಶ್ನೆಯನ್ನು ಸದ್ಭಕ್ತರ ಮುಂದಿಟ್ಟು, ನನಗೆ ತೋಚಿದಷ್ಟನ್ನು ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪರರ ತಪ್ಪನ್ನು ಎತ್ತಿ ಆಡುವುದಕ್ಕೆ ಮುನ್ನ ನನ್ನ ತಪ್ಪನ್ನೇ ಹೇಳಿಬಿಡುವುದು ಯೋಗ್ಯ. ಸುಮಾರು ೨೮ ವರ್ಷಗಳ ಹಿಂದಿನ ಮಾತು. ಆಗ ನಾನು ಅಧ್ಯಾಪಕವೃತ್ತಿಗೆ ಹೊಸಬ. ಇಳಕಲ್ಲಿನ ನೇಕಾರರ ಓಣಿಯ ಹುಡುಗನೊಬ್ಬನು ನನ್ನ ಕೈಕೆಳಗೆ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದನು. ಅವನ ತಂದೆ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಮೂರನೆಯ ದಿನ ನಾನು ಆ ಮನೆಗೆ ಹೋದೆನು. ಹಿರಿಯರು ಪಡಸಾಲೆಯಲ್ಲಿ ಕುಳಿತಿದ್ದರು. ಹುಡುಗನು ಮಗ್ಗದ ಕಂಬಕ್ಕೆ ಮುಖವೊತ್ತಿ ಬಿಕ್ಕುತ್ತಿದ್ದನು. ನಾನು ಹೊಸದಾಗಿ ಶಾಸ್ತ್ರವನ್ನೋದಿದ ಹುಮ್ಮಸ್ಸಿನಲ್ಲಿ ಅವನ ತಲೆಯ ಮೇಲೆ ಕೈಯಿಟ್ಟು, "ತಮ್ಮಾ, ಅಳಬಾರದು. ನಿಮ್ಮಪ್ಪ ಸತ್ತಿಲ್ಲ, ಲಿಂಗೈಕ್ಯರಾಗಿದ್ದಾರೆ. ಲಿಂಗವಂತರು ಸಾವಿಗೆ ಅಳುವುದುಂಟೇ?" ಎಂದೆನು. ಹಿರಿಯರೆಲ್ಲರೂ ತಲೆದೂಗಿದರು. ಹುಡುಗನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಸುಮ್ಮನಾದನು. ನಾನು ಒಂದು ಧರ್ಮಕಾರ್ಯವನ್ನು ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಮರಳಿದೆನು.

ಮೂರು ತಿಂಗಳು ಕಳೆದ ಬಳಿಕ ಆ ಹುಡುಗನ ಅಜ್ಜಿ ಶಾಲೆಯ ಬಾಗಿಲಿಗೆ ಬಂದರು. "ಮಾಸ್ತರ್ರ, ಹುಡುಗ ಅಳೂದು ಬಿಟ್ಟಾನ್ರಿ. ಆದ್ರ ನಗೂದೂ ಬಿಟ್ಟಾನ್ರಿ. ರಾತ್ರಿ ಎದ್ದು ಕುಂತು, ಅಪ್ಪ ಸತ್ತಿಲ್ಲಂತ ಮಾಸ್ತರ್ರು ಹೇಳ್ಯಾರ, ಹಂಗಾದ್ರ ಮನಿಗೆ ಯಾಕ ಬರವಲ್ಲ ಅಂತ ಕೇಳತಾನ್ರಿ. ನಾ ಏನ್ ಹೇಳ್ಲೆಪಾ?" ಎಂದರು. ಆ ಮುದುಕಿಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಷಟ್‌ಸ್ಥಲಶಾಸ್ತ್ರದ ಪರಿಭಾಷೆ ನನಗೆ ಕಂಠಪಾಠವಾಗಿತ್ತು; ಆದರೆ ಒಂಬತ್ತು ವರ್ಷದ ಮಗು ನನ್ನ ಮಾತನ್ನು ಅಕ್ಷರಶಃ ನಂಬಿ, ಬಾಗಿಲ ಕಡೆಗೆ ಕಣ್ಣಿಟ್ಟು ಮೂರು ತಿಂಗಳು ಕಾದಿತ್ತೆಂಬುದು ನನ್ನ ಅರಿವಿಗೇ ಬಂದಿರಲಿಲ್ಲ.

ಇಲ್ಲಿ ಮೊದಲು ವಿಚಾರಿಸಬೇಕಾದ ಪ್ರಶ್ನೆ ಇದು: ಮರಣಸೂತಕವಿಲ್ಲವೆಂಬ ಶರಣರ ಮಾತಿಗೆ ಮರಣಶೋಕವೂ ಕೂಡದೆಂಬ ಅರ್ಥವಿದೆಯೇ? ಸೂತಕವೆಂದರೆ ಅಶುದ್ಧಿ. ಶೋಕವೆಂದರೆ ಪ್ರೀತಿಪಾತ್ರರ ಅಗಲಿಕೆಯಿಂದ ಹುಟ್ಟುವ ವೇದನೆ. ಒಂದು ಲೋಕವು ಹೊರಗಿನಿಂದ ಹೊರಿಸುವ ಕಳಂಕ. ಇನ್ನೊಂದು ಹೃದಯವು ಒಳಗಿನಿಂದ ಪಡುವ ನೋವು. ಶರಣರು ಕಳಂಕವನ್ನು ಅಲ್ಲಗಳೆದರೇ ಹೊರತು ನೋವನ್ನು ಅಪರಾಧವೆನ್ನಲಿಲ್ಲ. ಲಿಂಗೈಕ್ಯವೆಂಬುದು ಅಗಲಿದವರ ಗತಿಯನ್ನು ಕುರಿತು ಹೇಳಿದ ಮಾತು. ಉಳಿದವರ ಕಣ್ಣೀರಿಗೆ ಹಾಕಿದ ಕಟ್ಟಳೆಯಲ್ಲ. ಈ ಎರಡನ್ನೂ ನಾವು ಬೆರೆಸಿಬಿಟ್ಟಿದ್ದೇವೆ. ಹಾಗೆ ಬೆರೆಸಿದುದರಿಂದ, ನಮ್ಮನ್ನು ಆ ಮನೆಯೊಳಗೆ ಕರೆಯಬೇಕಾದ ಸಿದ್ಧಾಂತವು ಮಗುವಿನ ಬಾಯಿಯನ್ನು ಮುಚ್ಚುವ ಸಾಧನವಾಗಿ ಮಾರ್ಪಟ್ಟಿದೆ.

ಇದಕ್ಕೆ ನಿದರ್ಶನವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಹರಿಹರ ಮಹಾಕವಿಯು ಪ್ರಭುದೇವರ ರಗಳೆಯಲ್ಲಿ ಅಲ್ಲಮಪ್ರಭುವಿನ ಪೂರ್ವವೃತ್ತಾಂತವನ್ನು ಹೇಳಿದ್ದಾನೆ. ಪ್ರಿಯಳಾದ ಕಮಲತೆಯು ಜ್ವರದಿಂದ ಮಡಿದಾಗ ಅಲ್ಲಮನು ಹುಚ್ಚನಂತೆ ಊರೂರು ಅಲೆದನು. ಹಾಗೆ ಅಲೆಯುತ್ತಿರುವಾಗಲೇ ಕಾಲಿಗೆ ತಗುಲಿದ ಕಳಸದ ಸುಳಿವು ಹಿಡಿದು, ನೆಲದೊಳಗೆ ಹುದುಗಿದ್ದ ಗುಡಿಯನ್ನು ಕಂಡು, ಅನಿಮಿಷಯ್ಯನ ಕರಸ್ಥಲದ ಲಿಂಗವನ್ನು ಪಡೆದನು. ಚಾಮರಸನ ಪ್ರಭುಲಿಂಗಲೀಲೆಯ ಕಥೆಯು ಬೇರೆಯಾದರೂ, ಹರಿಹರನಿಗೆ ಈ ದುಃಖವನ್ನು ಮರೆಮಾಚುವ ಅವಶ್ಯಕತೆ ಕಾಣಲಿಲ್ಲವೆಂಬುದು ಗಮನಾರ್ಹ. ಶೂನ್ಯಪೀಠದ ಒಡೆಯನಾದವನ ಜೀವನದಲ್ಲಿಯೇ ಶೋಕವು ಗುರುವಿನೆಡೆಗೆ ಒಯ್ದ ದಾರಿಯಾಗಿದ್ದರೆ, ನಾಲ್ಕನೆಯ ಇಯತ್ತೆಯ ಹುಡುಗನು ತಂದೆಗಾಗಿ ಅತ್ತುದನ್ನು ಅಜ್ಞಾನವೆನ್ನಲು ನಮಗೆ ಅಧಿಕಾರವೆಲ್ಲಿಯದು?

ಆದರೆ ಇನ್ನೊಂದು ಆಕ್ಷೇಪವಿದೆ. ಅದು ಸಿದ್ಧಾಂತದಿಂದಲ್ಲ, ವಾತ್ಸಲ್ಯದಿಂದಲೇ ಹುಟ್ಟುವಂಥದು. "ಎಳೆಯ ಜೀವ, ಅದಕ್ಕೆ ಸಾವಿನ ಮಾತು ಯಾಕೆ? ಸ್ವಲ್ಪ ದೊಡ್ಡವನಾಗಲಿ, ತಾನೇ ತಿಳಿಯುತ್ತಾನೆ" ಎಂದು ಹೇಳುವ ಹಿರಿಯರು ಮನೆಮನೆಯಲ್ಲಿಯೂ ಇದ್ದಾರೆ. ಹಾಗೆಂದು ಅವರು ಮಗುವನ್ನು ನೆರೆಮನೆಗೆ ಕಳಿಸುತ್ತಾರೆ. ಅಪ್ಪ ಊರಿಗೆ ಹೋಗಿದ್ದಾನೆ, ಅವ್ವ ಮಲಗಿದ್ದಾಳೆ, ದೇವರಿಗೆ ಬೇಕಾಗಿದ್ದಳೆಂದು ಕರೆದುಕೊಂಡ, ಎಂದು ಹೇಳುತ್ತಾರೆ. ಅವರ ಕರುಣೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಮಗುವಿನ ಬುದ್ಧಿ ನಡೆಯುವ ಬಗೆಯನ್ನು ಬಲ್ಲವರು ಈ ಮಾತುಗಳ ಫಲವನ್ನು ಬೇರೆ ರೀತಿಯಾಗಿಯೇ ಕಂಡಿದ್ದಾರೆ. ಐದಾರು ವರ್ಷದೊಳಗಿನ ಕೂಸಿಗೆ ಸಾವು ಮರಳಿ ಬಾರದ ಹೋಗುವಿಕೆಯೆಂಬ ಅರಿವು ಇನ್ನೂ ಮೂಡಿರುವುದಿಲ್ಲ. ಅದು ಕೇಳಿದ ಮಾತನ್ನು ಕೇಳಿದಂತೆಯೇ ಹಿಡಿಯುತ್ತದೆ. ಮಲಗಿದ್ದಾಳೆಂದರೆ ನಿದ್ರೆಗೆ ಹೆದರುತ್ತದೆ. ಊರಿಗೆ ಹೋಗಿದ್ದಾನೆಂದರೆ ತನ್ನನ್ನು ಬಿಟ್ಟು ಹೋದನೆಂದು ಮುನಿಯುತ್ತದೆ. ದೇವರು ಕರೆದುಕೊಂಡನೆಂದರೆ, ಪೂಜೆಗೆ ಕೂಡಿಸಿದ ದೇವರನ್ನೇ ಕಳ್ಳನೆಂದು ತಿಳಿಯುತ್ತದೆ. ಇನ್ನೂ ಸ್ವಲ್ಪ ದೊಡ್ಡ ಮಕ್ಕಳು, ತಾವು ಮಾತು ಕೇಳದೆ ಇದ್ದುದರಿಂದ, ಅಥವಾ ಎಂದೋ ಸಿಟ್ಟಿನಲ್ಲಿ ಕೆಟ್ಟ ಮಾತನ್ನಾಡಿದುದರಿಂದ ತಂದೆ ಸತ್ತನೆಂದು ಒಳಗೊಳಗೇ ಕೊರಗುವುದುಂಟು. ಯಾರೂ ಬಾಯ್ಬಿಟ್ಟು "ಇದು ನಿನ್ನಿಂದ ಆದುದಲ್ಲ" ಎಂದು ಹೇಳದಿದ್ದರೆ ಆ ಕೊರಗು ವರ್ಷಗಟ್ಟಲೆ ಉಳಿಯುತ್ತದೆ.

ಮಗುವಿನ ದುಃಖದ ಲಕ್ಷಣವನ್ನೂ ನಾವು ತಪ್ಪಾಗಿ ಓದುತ್ತೇವೆ. ದೊಡ್ಡವರ ದುಃಖವು ಹೊಳೆಯಂತೆ ಒಂದೇ ಸಮನೆ ಹರಿದರೆ, ಮಕ್ಕಳ ದುಃಖವು ನಮ್ಮ ಸೀಮೆಯ ಹಳ್ಳದಂತೆ; ಈಗ ತುಂಬಿ ಬಂದೀತು, ಗಳಿಗೆಯೊಳಗೆ ಇಳಿದು ಉಸುಕು ಕಂಡೀತು. ತಂದೆಯ ಸಮಾಧಿಯಿಂದ ಬಂದ ಮಗು ಅಂಗಳದಲ್ಲಿ ಗೋಲಿಯಾಡುತ್ತಿರುವುದನ್ನು ಕಂಡು "ಇದಕ್ಕೇನೂ ತಿಳಿದಿಲ್ಲ" ಎನ್ನುತ್ತೇವೆ. ತಿಳಿದಿರುವುದರಿಂದಲೇ ಅದು ಆಟದಲ್ಲಿ ಕ್ಷಣಕಾಲ ವಿಶ್ರಮಿಸುತ್ತದೆ. ಬಳಿಕ ಆರು ತಿಂಗಳಿಗೆ ಹೊಟ್ಟೆನೋವೆಂದು ಶಾಲೆ ಬಿಟ್ಟಾಗ, ಕಾರಣವಿಲ್ಲದೆ ಗೆಳೆಯನನ್ನು ಹೊಡೆದಾಗ, ಹಾಸಿಗೆ ಒದ್ದೆ ಮಾಡಿಕೊಂಡಾಗ, ಅದನ್ನು ಚೇಷ್ಟೆಯೆಂದು ಬಗೆದು ದಂಡಿಸುತ್ತೇವೆ. ಅಧ್ಯಾಪಕರಾದ ನಾವು ಈ ವಿಷಯದಲ್ಲಿ ವಿಶೇಷ ಅಪರಾಧಿಗಳು.

ಆದುದರಿಂದ ಸತ್ಯವನ್ನು ಸರಳವಾದ ಮಾತಿನಲ್ಲಿ, ಮಗುವು ಹೆಚ್ಚು ನಂಬುವವರ ಬಾಯಿಂದ, ಆದಷ್ಟು ಬೇಗ ಹೇಳುವುದೇ ಕ್ಷೇಮಕರ. ದೇಹವು ಕೆಲಸ ನಿಲ್ಲಿಸಿತು, ಇನ್ನು ಉಸಿರಾಡುವುದಿಲ್ಲ, ನೋವಾಗುವುದಿಲ್ಲ, ಮರಳಿ ಬರುವುದಿಲ್ಲ ಎಂಬಷ್ಟು ಹೇಳಿದರೆ ಸಾಕು. ಕ್ರಿಯಾಸಮಾಧಿಯ ಸಮಯದಲ್ಲಿ ಮಗುವಿಗೆ ಇಚ್ಛೆಯಿದ್ದರೆ ಅದನ್ನು ದೂರವಿಡಬೇಕಾಗಿಲ್ಲ. ಒಬ್ಬ ಹಿರಿಯರು ಕೈಹಿಡಿದು ಪಕ್ಕದಲ್ಲಿ ನಿಂತು, ಏಕೆ ಕುಳ್ಳಿರಿಸಿದ್ದಾರೆ, ಅಂಗೈಯಲ್ಲಿ ಇಷ್ಟಲಿಂಗವನ್ನು ಏಕೆ ಇಟ್ಟಿದ್ದಾರೆ, ವಿಭೂತಿಯನ್ನೂ ಪತ್ರಿಯನ್ನೂ ಏಕೆ ಏರಿಸುತ್ತಾರೆ ಎಂಬುದನ್ನು ಮೆಲ್ಲನೆ ತಿಳಿಸಿದರೆ, ತಾನೂ ಒಂದು ಪತ್ರಿಯನ್ನು ಏರಿಸಲು ಅವಕಾಶ ಕೊಟ್ಟರೆ, ಆ ಮಗು ತನ್ನ ತಂದೆಯನ್ನು ತಾನೇ ಬೀಳ್ಕೊಟ್ಟಂತಾಗುತ್ತದೆ. ಒಲ್ಲೆನೆಂದರೆ ಒತ್ತಾಯವೂ ಸಲ್ಲದು. ಲಿಂಗೈಕ್ಯದ ತತ್ತ್ವವನ್ನು ಹೇಳಬಾರದೆಂದು ನನ್ನ ಅಭಿಪ್ರಾಯವಲ್ಲ. ಸಾವಿನ ಸತ್ಯವನ್ನು ಮೊದಲು ಹೇಳಿ, ಅದರ ಮೇಲೆ ತತ್ತ್ವದ ಸಮಾಧಾನವನ್ನು ನಿಲ್ಲಿಸಬೇಕು. ಸತ್ಯದ ಸ್ಥಾನದಲ್ಲಿ ತತ್ತ್ವವನ್ನು ನಿಲ್ಲಿಸಬಾರದು.

ಅಜ್ಜಿ ಬಂದ ಆ ಸಂಜೆ ನಾನು ಅವರ ಮನೆಗೆ ಹೋದೆನು. ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ತಮ್ಮಾ, ನಾ ಅವತ್ತು ನಿನಗ ತಿಳಿಯೂ ಹಂಗ ಹೇಳಲಿಲ್ಲ. ನಿಮ್ಮಪ್ಪ ಸತ್ತಾರ. ಇನ್ನ ಮನಿಗೆ ಬರೂದಿಲ್ಲ" ಎಂದೆನು. ಅವನು ನನ್ನ ಮುಖವನ್ನೇ ನೋಡಿ, "ಅಳಬಹುದೇನ್ರಿ?" ಎಂದು ಕೇಳಿದನು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಯಾವ ವಿದ್ಯಾರ್ಥಿಯ ಪ್ರಶ್ನೆಯೂ ನನ್ನನ್ನು ಅಷ್ಟು ನಾಚಿಸಿಲ್ಲ. ಅಳಲು ಅಪ್ಪಣೆ ಬೇಡುವ ಸ್ಥಿತಿಗೆ ಒಂದು ಮಗುವನ್ನು ನಾನು ತಂದಿದ್ದೆನು.

ಇನ್ನು ಆಶ್ರಯದ ಮಾತು. ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ನಮ್ಮ ಕಡೆಯ ಆಡುಮಾತಿನಲ್ಲಿ 'ಪರದೇಶಿ' ಎಂದು ಕರೆಯುವ ರೂಢಿಯಿದೆ. ಈ ಶಬ್ದವನ್ನು ತುಸು ವಿಚಾರಿಸಿರಿ. ಮಗುವು ಹುಟ್ಟಿದ ಮನೆಯಲ್ಲಿಯೇ, ಹುಟ್ಟಿದ ಓಣಿಯಲ್ಲಿಯೇ ಇದೆ. ಒಂದು ಹೆಜ್ಜೆಯೂ ಕದಲಿಲ್ಲ. ಹಾಗಿದ್ದರೂ ಅದು ಪರದೇಶದ್ದಾಯಿತು. ಮಗು ಎಲ್ಲಿಗೂ ಹೋಗಲಿಲ್ಲವಾದ್ದರಿಂದ, ದೂರ ಸರಿದವರು ಅದರ ಸುತ್ತಲಿನ ನಾವೇ ಇರಬೇಕು. ಸ್ವದೇಶದಲ್ಲಿದ್ದವನನ್ನು ಪರದೇಶಿಯಾಗಿಸುವುದು ಸಾವಲ್ಲ. ಸಾವಿನ ಬಳಿಕ ನೆರೆಹೊರೆಯು ನಡೆದುಕೊಳ್ಳುವ ರೀತಿ.

ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣಾ ಮಲಪ್ರಭೆಯರ ಸಂಗಮಕ್ಕೆ ಹೋಗುವ ಭಕ್ತರು ಬಸವಣ್ಣನವರ ಐಕ್ಯಸ್ಥಳಕ್ಕೆ ತಲೆಬಾಗಿ ಬರುತ್ತಾರೆ. ಆದರೆ ಬಸವಣ್ಣನವರೇ ತಂದೆತಾಯಿಗಳಿಲ್ಲದೆ ಬೆಳೆದ ಮಗುವೆಂಬುದನ್ನು ನೆನೆಯುವವರು ವಿರಳ. ಹರಿಹರನ ಬಸವರಾಜದೇವರ ರಗಳೆಯ ಪ್ರಕಾರ ಮಾದರಸ ಮಾದಾಂಬೆಯರು ಬಸವಣ್ಣನ ಬಾಲ್ಯದಲ್ಲಿಯೇ ಶಿವಸಾಯುಜ್ಯವನ್ನು ಹೊಂದಿದರು. ಮುತ್ತಬ್ಬೆಯು ಆ ಕೂಸನ್ನು ಸಾಕಿ ಬೆಳೆಸಿದಳು. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಕಥೆಯು ಬೇರೆ ಬಗೆಯಾಗಿದೆ. ಅಲ್ಲಿ ಉಪನಯನವನ್ನೊಲ್ಲದೆ ಮನೆಬಿಟ್ಟ ಬಾಲಕನ ಜತೆಗೆ ಅಕ್ಕ ನಾಗಮ್ಮ ನಿಲ್ಲುತ್ತಾಳೆ. ಯಾವುದು ಇತಿಹಾಸವೆಂಬುದನ್ನು ಪಂಡಿತರು ಚರ್ಚಿಸಲಿ. ಎರಡು ಕಥೆಗಳಲ್ಲಿಯೂ ಸಮಾನವಾದ ಸಂಗತಿಯೊಂದಿದೆ: ತಂದೆತಾಯಿಯ ಆಶ್ರಯ ತಪ್ಪಿದ ಬಾಲಕನ ಪಕ್ಕದಲ್ಲಿ ಮನೆಯವರೇ ಆದ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಮುತ್ತಬ್ಬೆಯು ವಚನವನ್ನು ಬರೆಯಲಿಲ್ಲ, ಅನುಭವಮಂಟಪದಲ್ಲಿ ಕೂಡಲಿಲ್ಲ. ಆದರೆ ಅವಳು ಅಂದು ಆ ಮಗುವಿಗೆ ಉಣಿಸದೆ, ಮಲಗಿಸದೆ, ತಂದೆತಾಯಿಯ ಮಾತನ್ನಾಡದೆ ಇದ್ದಿದ್ದರೆ ಮುಂದಿನ ಕಲ್ಯಾಣದ ಕಥೆಯು ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಈ ಮಾತನ್ನು ಹೇಳಲು ಕಾರಣವಿದೆ. ತಂದೆ ಸತ್ತನೆಂದರೆ "ಹುಡುಗನನ್ನು ಯಾವುದಾದರೂ ಮಠದ ಪ್ರಸಾದನಿಲಯಕ್ಕೆ ಬಿಟ್ಟುಬನ್ನಿ" ಎಂಬ ಸಲಹೆ ಮೊದಲ ವಾರದಲ್ಲಿಯೇ ಬರುತ್ತದೆ. ನಾನು ಮಠದ ಅನ್ನವನ್ನುಂಡು ವಿದ್ಯೆ ಕಲಿತವನು. ಅದರ ಋಣವನ್ನು ಮರೆತವನಲ್ಲ. ೨೦೧೯ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದುದು ನಾಡಿಗೇ ಗೊತ್ತು. ನಿಜವಾಗಿಯೂ ಯಾರೂ ಇಲ್ಲದ ಮಗುವಿಗೆ ಇಂಥ ಸ್ಥಾನಗಳು ತಾಯ್ಮಡಿಲೇ ಸರಿ. ಆದರೆ ತಾಯಿ ಇರುವಾಗ, ಅಜ್ಜಿ ಇರುವಾಗ, ಅಣ್ಣತಂಗಿಯರಿರುವಾಗ, ಕೇವಲ ಬಡತನದ ಕಾರಣದಿಂದ ಮಗುವನ್ನು ಮನೆಯಿಂದ ಬಿಡಿಸುವುದೆಂದರೆ, ತಂದೆಯನ್ನು ಕಳೆದುಕೊಂಡವನಿಂದ ಮನೆಯನ್ನೂ ಕಳೆದಂತೆ. ೨೦೧೫ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಗಳಲ್ಲಿ ಮಗುವನ್ನು ಇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂಬ ತತ್ತ್ವವನ್ನು ಅಂಗೀಕರಿಸಿದೆ. ಮಗುವನ್ನು ಸಾಗಿಸುವುದಕ್ಕೆ ಮುನ್ನ, ಮನೆಯನ್ನು ಎತ್ತಿ ನಿಲ್ಲಿಸಲು ಸಾಧ್ಯವೇ ಎಂದು ನೋಡಬೇಕಾದುದು ಧರ್ಮ.

ಮನೆಯನ್ನು ಎತ್ತಿ ನಿಲ್ಲಿಸುವುದೆಂದರೆ ಮೊದಲು ತಾಯಿಯನ್ನು ನಿಲ್ಲಿಸುವುದು. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮದವರ ಮನೆಗಳಲ್ಲಿಯೂ ಗಂಡ ಸತ್ತವಳನ್ನು ಮಂಗಲಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿಸುವ ಪದ್ಧತಿ ಇಂದಿಗೂ ಅಳಿದಿಲ್ಲ. ಸೀಮಂತದಲ್ಲಿ, ಮದುವೆಯಲ್ಲಿ, ತೊಟ್ಟಿಲು ಕಾರ್ಯದಲ್ಲಿ ಎಲ್ಲರೂ ಮುಂದೆ ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಇದನ್ನು ಅವಳ ಮಕ್ಕಳು ನೋಡುತ್ತಿರುತ್ತಾರೆ. ತಾಯಿಗೆ ಸ್ಥಾನವಿಲ್ಲದಲ್ಲಿ ತಮಗೂ ಸ್ಥಾನವಿಲ್ಲವೆಂಬುದನ್ನು ಅವರು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಆ ತಾಯಿಯನ್ನು ಹೆಸರು ಹಿಡಿದು ಮುಂದಕ್ಕೆ ಕರೆದು ಮಗುವಿನ ಹಣೆಗೆ ವಿಭೂತಿ ಹಚ್ಚಿಸುವ ಒಬ್ಬ ಹಿರಿಯಳಿದ್ದರೆ, ಅವಳು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡಿದಂತೆ.

ಎರಡನೆಯದು ಅನ್ನದ ಪ್ರಶ್ನೆ. ಶಿವಗಣಾರಾಧನೆಯ ದಿನ ಆ ಮನೆಗೆ ಅಕ್ಕಿ, ಬೇಳೆ, ಬೆಲ್ಲಗಳು ಯಥೇಷ್ಟವಾಗಿ ಬರುತ್ತವೆ. ನೂರಾರು ಜನ ಉಂಡು ಹೋಗುತ್ತಾರೆ. ಆರನೆಯ ತಿಂಗಳಿಗೆ ಆ ಮನೆಯ ಒಲೆಯ ಸ್ಥಿತಿಯೇನೆಂದು ಕೇಳುವವರಿಲ್ಲ. ಇಲ್ಲಿ ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮನನ್ನು ಸ್ಮರಿಸಬೇಕು. ಮಾರಯ್ಯನು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಪತಿಗೆ ಹೇಳಿದಳು. ಈ ಪ್ರಸಂಗವನ್ನು ನಾವು ಅಪರಿಗ್ರಹದ ಪಾಠವೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಅದರಲ್ಲಿ ದಾಸೋಹದ ಅಳತೆಯೂ ಇದೆ. ದಾಸೋಹವು ಒಂದು ದಿನದ ರಾಶಿಯಲ್ಲ, ದಿನದಿನದ ಹಿಡಿ. ಹನ್ನೊಂದನೆಯ ದಿನ ಸುರಿದ ರಾಶಿಗಿಂತ, ವರ್ಷವಿಡೀ ವಾರಕ್ಕೊಮ್ಮೆ ಬಾಗಿಲಿಗೆ ಬರುವ ಒಂದು ಸೇರು ಜೋಳವು ಆ ಮನೆಗೆ ಹೆಚ್ಚು ಆಧಾರ. ಜೋಳಕ್ಕಿಂತಲೂ ಅದನ್ನು ಹಿಡಿದು ಬರುವ ಮನುಷ್ಯನ ಮುಖವು ಇನ್ನೂ ಹೆಚ್ಚಿನ ಆಧಾರ. ಇದಕ್ಕೆ ಧನಿಕರಾಗಬೇಕಾಗಿಲ್ಲವೆಂಬುದಕ್ಕೆ ಅಂಗಳದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಆ ದಂಪತಿಗಳೇ ಸಾಕ್ಷಿ.

ಇಳಕಲ್ಲಿನವರಿಗೆ ಇದನ್ನು ವಿವರಿಸುವ ಅವಶ್ಯಕತೆಯೂ ಇಲ್ಲ. ನಮ್ಮ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅವೆರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತಾಳ್ಮೆಯಿಂದ ಕುಳಿತು ಮಾಡಬೇಕಾದ ಕೆಲಸವದು. ಒಂದೇ ಸೆಳೆತಕ್ಕೆ ಆಗುವಂಥದಲ್ಲ. ನೇಕಾರನ ಮನೆಯಲ್ಲಿ ಯಜಮಾನ ತೀರಿಕೊಂಡರೆ ಏನಾಗುತ್ತದೆಂಬುದನ್ನೂ ನಾವು ಬಲ್ಲೆವು. ಕಂಡಿಕೆ ಸುತ್ತುವ ಕೈಗಳು ಮನೆಯಲ್ಲಿ ಉಳಿದರೂ ನೇಯುವ ಕೈ ಇಲ್ಲವಾಗಿ ಮಗ್ಗವು ನಿಲ್ಲುತ್ತದೆ. ಮುಂಗಡವಾಗಿ ತಂದ ಹಣದ ಸಾಲವು ಮಾತ್ರ ನಿಲ್ಲುವುದಿಲ್ಲ. ಆಗ ಹನ್ನೆರಡು ವರ್ಷದ ಹುಡುಗನು ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ತಂದೆ ಕುಳಿತ ಜಾಗದಲ್ಲಿ ಕೂಡುತ್ತಾನೆ. ಊರವರು "ಮನೆಯ ಭಾರ ಹೊತ್ತ, ಜಾಣ ಹುಡುಗ" ಎಂದು ಹೊಗಳುತ್ತಾರೆ. ಈ ಹೊಗಳಿಕೆಯು ನಮ್ಮ ಹೊಣೆಗೇಡಿತನದ ಮುಸುಕು. ಕಾಯಕವು ಪವಿತ್ರವೆಂಬುದು ನಿಜ. ಆದರೆ ದೊಡ್ಡವರೆಲ್ಲ ಹಂಚಿಕೊಂಡು ಹೊರಬೇಕಾದ ಭಾರವನ್ನು ಒಬ್ಬ ಬಾಲಕನ ಹೆಗಲಿಗೆ ದಾಟಿಸುವುದಕ್ಕೆ ಕಾಯಕವೆಂಬ ಹೆಸರು ಸಲ್ಲದು.

ಸರಕಾರದ ನೆರವುಗಳ ವಿಷಯವನ್ನೂ ಇಲ್ಲಿ ಹೇಳಬೇಕು. ೨೦೨೦ ಮತ್ತು ೨೦೨೧ರ ಕೋವಿಡ್ ಮಹಾಮಾರಿಯಲ್ಲಿ ಅನೇಕ ಮಕ್ಕಳು ತಬ್ಬಲಿಗಳಾದಾಗ ದೇಶವು ಎಚ್ಚತ್ತಿತು. ೨೦೨೧ರ ಮೇ ತಿಂಗಳಲ್ಲಿ ಕೇಂದ್ರಸರಕಾರವು, ಆ ರೋಗದಿಂದ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ೨೩ ವರ್ಷ ತುಂಬಿದಾಗ ೧೦ ಲಕ್ಷ ರೂಪಾಯಿ ದೊರೆಯುವ ಯೋಜನೆಯನ್ನು ಪ್ರಕಟಿಸಿತು. ಕರ್ನಾಟಕ ಸರಕಾರವು ಬಾಲಸೇವಾ ಯೋಜನೆಯಲ್ಲಿ ಅಂಥ ಮಕ್ಕಳಿಗೆ ತಿಂಗಳಿಗೆ ೩,೫೦೦ ರೂಪಾಯಿಗಳ ನೆರವನ್ನು ಸಾರಿತು. ಇವು ಸ್ತುತ್ಯವಾದ ಕಾರ್ಯಗಳು. ಆದರೆ ಧರ್ಮದ ದೃಷ್ಟಿಯಿಂದ ಒಂದು ಪ್ರಶ್ನೆ ಉಳಿಯುತ್ತದೆ. ಕ್ಷಯದಿಂದಲೋ, ರಸ್ತೆಯ ಅಪಘಾತದಿಂದಲೋ, ಕಲ್ಲಿನ ಕ್ವಾರಿಯ ಅವಘಡದಿಂದಲೋ, ಕುಡಿತದಿಂದಲೋ ತಂದೆಯನ್ನು ಕಳೆದುಕೊಂಡ ಮಗುವಿನ ಹಸಿವೂ ದುಃಖವೂ ಬೇರೆಯೇ? ಸಾವಿನ ಕಾರಣವನ್ನು ನೋಡಿ ಯೋಜನೆಗಳು ಅಳೆಯಬಹುದು. ನೆರೆಹೊರೆಯು ಹಾಗೆ ಅಳೆಯಬಾರದು. ತನ್ನ ಜೀವವನ್ನು ತಾನೇ ಕಳೆದುಕೊಂಡವನ ಮನೆಯ ಮಕ್ಕಳಿಗಂತೂ ನಮ್ಮ ಸಾಮೀಪ್ಯವು ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಆ ಮನೆಗೆ ಲೋಕವು ಹೊಸದೊಂದು ಸೂತಕವನ್ನೇ ಕಟ್ಟುತ್ತದೆ.

ಇತರ ಮಕ್ಕಳಿಗೂ ದಾರಿಗಳಿಲ್ಲದಿಲ್ಲ. ಬಡತನದ ರೇಖೆಯ ಕೆಳಗಿನ ಕುಟುಂಬದಲ್ಲಿ ದುಡಿಯುವ ವ್ಯಕ್ತಿಯು ೧೮ರಿಂದ ೫೯ ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ೨೦,೦೦೦ ರೂಪಾಯಿ ದೊರೆಯಲು ಅವಕಾಶವಿದೆ. ತಾಯಿಗೆ ವಿಧವಾ ವೇತನವುಂಟು. ಮಿಷನ್ ವಾತ್ಸಲ್ಯದ ೨೦೨೨ರ ಮಾರ್ಗಸೂಚಿಯಂತೆ, ವರಮಾನದ ಮಿತಿಗೊಳಪಟ್ಟು, ಮನೆಯಲ್ಲಿಯೇ ಬೆಳೆಯುವ ಮಗುವಿಗೆ ತಿಂಗಳಿಗೆ ೪,೦೦೦ ರೂಪಾಯಿಗಳ ಪ್ರಾಯೋಜಕತ್ವದ ನೆರವಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅರ್ಜಿ ಹಾಕಬಹುದು. ಮಗುವು ನಿರಾಶ್ರಯವಾದಾಗ ೧೦೯೮ ಎಂಬ ಸಹಾಯವಾಣಿಗೆ ಕರೆಮಾಡಬಹುದು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿಯೂ ಇದೆ. ಮಗುವಿನ ಮೌನವಾಗಲಿ ತಾಯಿಯ ಖಿನ್ನತೆಯಾಗಲಿ ತಿಂಗಳುಗಳು ಕಳೆದರೂ ತಿಳಿಯಾಗದಿದ್ದರೆ, ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಷ್ಟೆಲ್ಲ ಇದ್ದರೂ, ಗಂಡನನ್ನು ಕಳೆದುಕೊಂಡು ತಿಂಗಳಾಗದ ಹೆಣ್ಣುಮಗಳು ಮರಣಪತ್ರ, ಆಧಾರ್, ರೇಷನ್ ಕಾರ್ಡುಗಳನ್ನು ಚೀಲದಲ್ಲಿಟ್ಟುಕೊಂಡು ನಾಡಕಚೇರಿಗೆ ಎಷ್ಟು ಸಲ ಅಲೆದಾಳು? ಅಕ್ಷರ ಬಲ್ಲವರೆಲ್ಲರಿಗೂ ಇಲ್ಲಿ ಒಂದು ಕಾಯಕವಿದೆ. ಒಂದು ಅರ್ಜಿಯನ್ನು ತುಂಬಿ, ಒಂದು ದಿನ ಅವಳ ಜತೆಗೆ ಸಾಲಿನಲ್ಲಿ ನಿಂತರೆ, ಕಲಿತ ಅಕ್ಷರದ ಋಣವು ಸ್ವಲ್ಪವಾದರೂ ತೀರುತ್ತದೆ.

ಶಾಲೆಯಲ್ಲಿ ನಾವು ಮಾಡಬೇಕಾದುದು ಇನ್ನೂ ಸುಲಭ. ಮಗುವು ಮರಳಿ ಬಂದ ದಿನ ಏನೂ ಆಗದವರಂತೆ ನಟಿಸದೆ, ಎಲ್ಲರೆದುರು ಮರುಕವನ್ನೂ ತೋರಿಸದೆ, ಒಂದು ಕ್ಷಣ ಬದಿಗೆ ಕರೆದು "ನನಗೆ ಗೊತ್ತಾಯಿತು, ನಾನಿದ್ದೇನೆ" ಎಂದರೆ ಸಾಕು. ಪಾಠದ ನಡುವೆ ಎದ್ದು ಹೋಗಬೇಕೆನಿಸಿದರೆ ಹೋಗಲು ಬಿಡಬೇಕು. ತಂದೆಯ ಹೆಸರು ಹೇಳಿಸುವಾಗ, ವರ್ಷದ ತಿಥಿ ಬಂದಾಗ, ಹಬ್ಬಗಳಲ್ಲಿ, ಆ ಮಗುವಿನ ಕಡೆಗೆ ಒಂದು ಕಣ್ಣಿರಬೇಕು. ಸತ್ತವರ ಹೆಸರನ್ನು ಆಡಿದರೆ ನೋವಾದೀತೆಂದು ನಾವು ಹೆದರುತ್ತೇವೆ. ಆದರೆ ತನ್ನ ತಂದೆಯ ಹೆಸರನ್ನು ಊರೇ ಮರೆತುಬಿಟ್ಟಿತೆಂಬ ನೋವು ಅದಕ್ಕಿಂತ ದೊಡ್ಡದು. ನನ್ನ ಆ ವಿದ್ಯಾರ್ಥಿಯು ಅಂದು ಅತ್ತು ಮುಗಿಸಿದ ಮೇಲೆ ತಂದೆಯ ಲಾಳಿಯನ್ನು ತಂದು ತೋರಿಸಿ, ಅವರು ಅದನ್ನು ಹೇಗೆ ಎಸೆಯುತ್ತಿದ್ದರೆಂಬುದನ್ನು ಅರ್ಧಗಂಟೆ ಹೇಳಿದನು. ನಾನು ಏನನ್ನೂ ಬೋಧಿಸಲಿಲ್ಲ, ಸುಮ್ಮನೆ ಕೇಳಿದೆನು. ಅವನ ಅಜ್ಜಿ ಅಂದು ಮೊದಲ ಸಲ ಅವನು ನಕ್ಕುದನ್ನು ಕಂಡರು.

ನಮ್ಮ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಬೀದಿಗಿಳಿದಾಗ, ಜನರಿಂದ ಬೇಡಿದುದು ಧಾನ್ಯವನ್ನಲ್ಲ, ಅವರ ದುಶ್ಚಟಗಳನ್ನು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರೂ ಆ ಜೋಳಿಗೆಯ ನೆನಪು ಈ ಸೀಮೆಯಲ್ಲಿ ಅಳಿಯದು. ಕುಡಿತವನ್ನು ಆ ಜೋಳಿಗೆಗೆ ಹಾಕಿ ಮನೆಗೆ ಮರಳಿದ ಪ್ರತಿಯೊಬ್ಬ ತಂದೆಯಿಂದಲೂ ಒಂದು ಮಗುವಿನ ತಬ್ಬಲಿತನವು ತಪ್ಪಿರಬಹುದು. ತಪ್ಪಿಸಲಾಗದೆ ತಬ್ಬಲಿಯಾದ ಮಕ್ಕಳಿಗಾಗಿ ಅಂಥದೇ ಜೋಳಿಗೆಯೊಂದು ನಮ್ಮ ಬಾಗಿಲಿಗೆ ಬಂದಿದೆಯೆಂದು ಭಾವಿಸೋಣ. ಅದು ಕೇಳುವುದು ಹಣವನ್ನಲ್ಲ. ಸಾವಿನ ಮನೆಗೆ ಹೋಗಲು ನಮಗಿರುವ ಅಂಜಿಕೆಯನ್ನು, ಏನು ಮಾತಾಡಬೇಕೆಂಬ ಸಂಕೋಚವನ್ನು, ನಮಗೇಕೆ ಎಂಬ ಉದಾಸೀನತೆಯನ್ನು ಅದರೊಳಗೆ ಹಾಕಿಬಿಡಬೇಕು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಈಗ ಸ್ಪಷ್ಟವಾಗಿದೆ. ಸೂತಕವಿಲ್ಲದ ಮೇಲೂ ನಮ್ಮನ್ನು ಹೊಸ್ತಿಲಲ್ಲಿ ತಡೆಯುವುದು ಈ ಅಂಜಿಕೆಯೇ. ಮರಣಸೂತಕವಿಲ್ಲವೆಂಬ ವಾಕ್ಯವನ್ನು ಶರಣರು ಅಳುವ ಮಗುವಿಗಾಗಿ ಹೇಳಲಿಲ್ಲ; ಹೊರಗೆ ನಿಂತ ನಮಗಾಗಿ ಹೇಳಿದರು. ಜಾತಿಸೂತಕವನ್ನೂ ಅವರು ಅದೇ ಸಾಲಿನಲ್ಲಿ ನಿರಾಕರಿಸಿದುದರಿಂದ, ಆ ಮನೆಯು ಯಾರದೆಂದು ಕೇಳುವ ಹಕ್ಕೂ ನಮಗಿಲ್ಲ. ಆದುದರಿಂದ, ಶರಣಬಂಧುಗಳೇ, ನಿಮ್ಮ ಓಣಿಯಲ್ಲಿ ಇಂಥ ಮನೆಯೊಂದಿದ್ದರೆ ಶಿವಗಣಾರಾಧನೆಯ ಪಂಕ್ತಿಯಲ್ಲಿ ಉಂಡು ಬಂದಷ್ಟಕ್ಕೆ ಕರ್ತವ್ಯವು ತೀರಿತೆಂದು ತಿಳಿಯಬೇಡಿರಿ. ಪಂದಲು ಬಿಚ್ಚಿ, ಬೀಗರೆಲ್ಲ ಊರಿಗೆ ಮರಳಿ, ಮನೆಯು ಬರಿದಾದ ಮರುದಿನ ಹೋಗಿರಿ. ತಿಂಗಳಾದ ಮೇಲೆ ಹೋಗಿರಿ. ವರ್ಷವಾದ ಮೇಲೂ ಹೋಗಿರಿ. ಮಗುವು ಅತ್ತರೆ ಪಕ್ಕದಲ್ಲಿ ಕುಳಿತಿರಿ. ಆಡಿದರೆ ಆಡಲು ಬಿಡಿರಿ. ಕೇಳಿದರೆ ನಿಜವನ್ನೇ ಹೇಳಿರಿ. ಶರಣರ ಮಾತು ಇಷ್ಟು ಕಾಲ ನಮ್ಮ ನಾಲಗೆಯ ಮೇಲಿತ್ತು. ಇನ್ನು ಅದು ನಮ್ಮ ಕಾಲಿಗೆ ಇಳಿಯಲಿ.